ಬಾಲ ನೋಡಿ ಬರೆದ ಹದಿನೇಳು ಮೀನು

ಜುಲೈ 6, ಬೆಳಗ್ಗೆ 7.10. ಅಕ್ಕಲಕೋಟದ ಹತ್ತಿರದ ಕೆರೆಯಲ್ಲಿ ಗಾಳಕ್ಕೆ ಬಿದ್ದ ಮೀನನ್ನು ನೀರಿಗೆ ಬಿಡುವ ಮೊದಲು ನನ್ನ ವಹಿಯಲ್ಲಿ ‘ರೋಹು, 17ನೆಯದು’ ಎಂದು ಬರೆದೆ. ಪಕ್ಕದಲ್ಲಿ ಬಲೆ ಒಣಹಾಕುತ್ತಿದ್ದ ಶಾಂತಾಬಾಯಿ ಇಣುಕಿ ನಕ್ಕರು.

“ಇದು ಕಾಟ್ಲಾ, ತಂಗಿ. ಬಾಯಿ ಮ್ಯಾಲ ಮಾಡೈತಿ ನೋಡು, ಮ್ಯಾಲಿನ ನೀರಾಗ ತಿಂತೈತಿ. ರೋಹೂಂದು ಬಾಯಿ ಕೆಳಗಿರತೈತಿ. ನೀ ಮೀನ ತಿನ್ನಂಗಿಲ್ಲೇನು?”

“ಇಲ್ರಿ, ಬರೇ ಎಣಸ್ತೀನಿ.”

“ಅದಕ್ಕ. ತಿನ್ನೋರು ಮೊದಲ ತಲಿ ನೋಡ್ತಾರ.”

ಸೊಲ್ಲಾಪುರದ ನಮ್ಮ ವ್ಯಾಪಾರಿ ಮನೆಯೊಳಗೆ ಮೀನು ಬಂದದ್ದೇ ಇಲ್ಲ. ಗಾಳ ಚುಚ್ಚಿದ ಬಾಯಿ ನೋಡಲಾಗದೆ ಹಿಂದಿನ ಹದಿನಾರನ್ನೂ ಬಾಲದ ಕಡೆಯಿಂದಲೇ ಫೋಟೊ ತೆಗೆದು, ಗೊತ್ತಿದ್ದ ಒಂದೇ ಹೆಸರು ಬರೆದಿದ್ದೆ. ಈಗ ಅದನ್ನು ಹೊಡೆದುಹಾಕಿ ಹದಿನಾರು ಸಲ ‘ಗೊತ್ತಿಲ್ಲ’ ಎಂದು ಬರೆದಿದ್ದೇನೆ. ಬಾಲದಿಂದ ಗುರುತು ಸಿಗುವುದೇ ಎಂದು ಕೇಳಿದ್ದಕ್ಕೆ ಶಾಂತಾಬಾಯಿ, “ಬಾಲ ನಾವು ಬೆಕ್ಕಿಗೆ ಹಾಕ್ತೀವಿ” ಎಂದರು. ಬೆಕ್ಕಿಗಿಂತ ಹೆಚ್ಚು ತಿಳಿದ ಓದುಗರಿದ್ದರೆ ದಯವಿಟ್ಟು ಬರೆಯಿರಿ.