ಎಡವೋ ಬಲವೋ

ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ಸುಳ್ಳು ಹೇಳಿದವಳಲ್ಲ. ಬಾಯಿ ಮುಚ್ಚಿಕೊಂಡಿದ್ದಳು, ಅಷ್ಟೇ. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದೆಂದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಊರಿಗೆ ಊರೇ ಹುಡುಕಾಟಕ್ಕೆ ಬಳಸುವ ದೊಡ್ಡ ಇಂಟರ್ನೆಟ್ ಕಂಪನಿಗೆ ಅವಳು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಪರದೆಯ ಎಡಕ್ಕೊಂದು ಆನ್‌ಲೈನ್ ಅಂಗಡಿ, ಬಲಕ್ಕೊಂದು. ಹುಡುಕಿದವರಿಗೆ ಯಾವುದು ಮೇಲೆ ಕಾಣಬೇಕೆಂದು ಇವಳು ಒತ್ತಬೇಕು. ತಮಾಷೆಯೆಂದರೆ ಕಂಪನಿ ಉತ್ತರವನ್ನು ಮೊದಲೇ ಇಟ್ಟುಕೊಂಡಿರುತ್ತಿತ್ತು. ತಾಳೆಯಾಗದಿದ್ದರೆ ಅಂಕ ಇಳಿಯುತ್ತಿತ್ತು, ಅಂಕ ಇಳಿದರೆ ಕೆಲಸ ಬರುತ್ತಿರಲಿಲ್ಲ. ಕಂಪನಿಯದೇ ಅಂಗಡಿ ಕಂಡರೆ ಕಣ್ಣು ಮುಚ್ಚಿ ಅದನ್ನೇ ಒತ್ತಬೇಕೆಂದು ಅತ್ತೆ ಬೇಗ ಕಲಿತಳು.

ಒಂದು ದಿನ ಎಡಗಡೆ ನಮ್ಮಂಗಡಿ ಬಂತು, ಬಲಗಡೆ ಕಂಪನಿಯದು. ಊದಿದ ಪಾದಗಳಿಗೆಂದು ಅಪ್ಪ ಹೊಲಿಯುತ್ತಿದ್ದ ಚಪ್ಪಲಿಗಳು, ಅಮ್ಮ ತೆಗೆದ ಫೋಟೋಗಳು. ಅತ್ತೆ ಬಲಗಡೆ ಒತ್ತಿದಳು. ಆಮೇಲೂ ಬರುತ್ತಲೇ ಇತ್ತು, ಒತ್ತುತ್ತಲೇ ಇದ್ದಳು. ನಮ್ಮ ಆರ್ಡರುಗಳು ನಿಂತವು. ಅಪ್ಪ ಅಂಗಡಿ ಮುಚ್ಚಿ, ಯಾರದೋ ಕಾರ್ಖಾನೆಯಲ್ಲಿ ಸೋಲ್ ಅಂಟಿಸಲು ಹೋದರು.

ಸರ್ಕಾರ ಕಂಪನಿಯ ಮೇಲೆ ಏಕಸ್ವಾಮ್ಯದ ಕೇಸು ಹಾಕಿದಾಗ ಟಿ.ವಿ.ಯಲ್ಲಿ ಸರ್ಕಾರದ ವಕೀಲೆ ಹಳೇ ಕಥೆ ತೆಗೆದಳು. ಹಿಂದೆ ಅಮೆರಿಕದಲ್ಲಿ ರೈಲಿನವರು ಒಬ್ಬನೇ ಎಣ್ಣೆ ದೊರೆಯ ಪೀಪಾಯಿಗಳನ್ನು ಅಗ್ಗಕ್ಕೆ ಸಾಗಿಸಿ ಸಣ್ಣವರನ್ನು ಮುಳುಗಿಸಿದ್ದರಂತೆ. ಕೊನೆಗೆ ಆ ಎಣ್ಣೆ ಕಂಪನಿಯನ್ನು ಕೋರ್ಟು ಒಡೆದು ಚೂರು ಮಾಡಿತಂತೆ.

"ಬೇಲಿನೇ ಎದ್ದು ಹೊಲ ಮೇಯ್ದ ಹಾಗೆ," ಎಂದರು ಅಪ್ಪ.

"ಆ ಪೀಪಾಯಿ ಹತ್ತಿಸಿದವರದ್ದೂ ತಪ್ಪು ತಾನೇ ಅಣ್ಣ?" ಎಂದಳು ಅತ್ತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತಿತ್ತು. ದಡ್ಡರು ನಾವು, ಗೊತ್ತಾಗಲಿಲ್ಲ.

"ಕೂಲಿಯವರದ್ದೇನೇ ತಪ್ಪು, ಪಾಪ!"

ಆ 'ಪಾಪ' ಅವಳಿಗೆ ಜೀರ್ಣವಾಗಲಿಲ್ಲ. ಕೆಲಸ ಹೋದರೂ ಹೋಗಲಿ, ಅಣ್ಣ ಮುಖ ತಿರುಗಿಸಿದರೂ ಸರಿ ಎಂದು ಅದೇ ವಾರ ಸರ್ಕಾರದ ಪರ ಸಾಕ್ಷಿಗೆ ಒಪ್ಪಿಕೊಂಡಳು. ಏನೂ ಹೇಳದೆ ನಮ್ಮನ್ನೂ ಕೋರ್ಟಿಗೆ ಕರೆದೊಯ್ದಳು.

"ನೀವು ಕೆಳಗೆ ತಳ್ಳಿದ ಒಂದು ಅಂಗಡಿ ಹೇಳಿ," ಎಂದಳು ವಕೀಲೆ.

ಯಾವುದಾದರೂ ಹೇಳಬಹುದಿತ್ತು. "ನಮ್ಮಣ್ಣಂದು," ಎಂದಳು ಅತ್ತೆ.

ಹೊರಗೆ ಬಂದ ಮೇಲೆ ಅಪ್ಪ ತಂಗಿಯ ತಲೆ ಸವರಿ, "ಹೊಟ್ಟೆಪಾಡು, ಬಿಡು. ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ," ಎಂದರು. ಅತ್ತೆಗೆ ಹೋದ ಜೀವ ಬಂದಂತಾಯಿತು.

ಅಮ್ಮ ಮುಂದೆ ಬಂದು ನಿಂತಳು.

"ನನ್ನ ಫೋಟೋ ನೋಡೇ ಗಿರಾಕಿಗಳು ಓಡಿಹೋದ್ರು ಅಂತ ನಿಮ್ಮಣ್ಣ ದಿನಾ ಬಯ್ತಿದ್ರು," ಎಂದಳು. "ನೀನು ಪಕ್ಕದಲ್ಲೇ ಕೂತು ಟೀ ಕುಡೀತಿದ್ದೆ."

ಅತ್ತೆ ತಲೆ ತಗ್ಗಿಸಿದಳು. ಅಪ್ಪನೂ ತಗ್ಗಿಸಿದರು.