ಹಗಲು ಉರಿದ ಬಲ್ಬು

ಎಂಬತ್ತರ ದಶಕದ ಕೊನೆಯ ಮಾತು. ಅವ್ವನ ಕೊರಳಲ್ಲಿ ಗಂಟು ಬೆಳೆದಿತ್ತು. ಆಪರೇಷನ್ ಆದಮೇಲೆ ದನಿ ಮೊದಲಿನಂತೆ ಇರುತ್ತದೆಂದು ಹೇಳಲಾಗದು ಎಂದು ಹುಬ್ಬಳ್ಳಿಯ ಡಾಕ್ಟರು ಮೊದಲೇ ತಿಳಿಸಿದ್ದರು. ಮೂರು ವಾರ ಉಳಿದಿತ್ತು. ಕುಂದಗೋಳದ ನಮ್ಮ ಮನೆಯ ಬೀಸುಕಲ್ಲು ಮೂಲೆ ಸೇರಿ ವರ್ಷಗಳಾಗಿದ್ದವು. ಬೀಸುವಾಗ ಹಾಡುವ ಪದಗಳು ಅವಳ ಬಾಯಲ್ಲಷ್ಟೇ ಇದ್ದವು. ಅಷ್ಟರೊಳಗೆ ಅವನ್ನು ಕ್ಯಾಸೆಟ್ಟಿಗೆ ಇಳಿಸಬೇಕಿತ್ತು.

ನಾನು ಕಾಲೇಜಿನ ಲ್ಯಾಬಿನಲ್ಲಿ ಉಪಕರಣ ರಿಪೇರಿ ಮಾಡುವವನು. ಎಲ್ಲರಂತೆ ಟೇಪ್ ರೆಕಾರ್ಡರಿನ ಗುಂಡಿ ಒತ್ತಿ ಕೂತರೆ ನನ್ನ ದೊಡ್ಡಸ್ತಿಕೆಗೆ ಕಡಿಮೆ. ಮೈಕಿಗೆಂದು ಆಂಪ್ಲಿಫೈಯರ್ ನಾನೇ ಕಟ್ಟಿದೆ. ಅದಕ್ಕೆ ಕರೆಂಟು ಕೊಡಲು ಹಳೆಯ ಟ್ರಾನ್ಸ್‌ಫಾರ್ಮರ್ ಸಪ್ಲೈ ಜೋಡಿಸಿದರೆ, ಬಾಜೂಕಿನ ಹಿಟ್ಟಿನ ಗಿರಣಿ ಚಾಲೂ ಆದೊಡನೆ ವೋಲ್ಟೇಜು ಬಿದ್ದು ಗುಂಯ್ ಎನ್ನುತ್ತಿತ್ತು. ಕೆಟ್ಟ ಕಂಪ್ಯೂಟರೊಂದರಿಂದ ಬಿಚ್ಚಿದ, ಎರಡು ಅಂಗೈ ಅಗಲದ ಸ್ವಿಚಿಂಗ್ ಸಪ್ಲೈ ಸಿಕ್ಕಿತು. ಐದು ವೋಲ್ಟು, ಹನ್ನೆರಡು, ಮೈನಸ್ ಹನ್ನೆರಡು, ಮೂರೂ ಅದರೊಂದರಿಂದಲೇ. ಗಿರಣಿಗೆ ಅದು ಜಗ್ಗಲಿಲ್ಲ. ಆದರೆ ಟ್ರಾನ್ಸಿಸ್ಟರ್ ರೇಡಿಯೋ ಹತ್ತಿರ ಹಿಡಿದರೆ ಸ್ಟೇಷನ್ ಮುಳುಗಿ ಬರೀ ಕರಕರ. ಅದೇ ಕರಕರ ಟೇಪಿಗೂ ಇಳಿಯುತ್ತಿತ್ತು.

"ಸೆಲ್ ಹಾಕಿ ಮುಗಸ್ರಿ. ಗುಬ್ಬಿ ಮ್ಯಾಲ ಬ್ರಹ್ಮಾಸ್ತ್ರ ಯಾಕ್ರಿ?" ಎಂದಳು ಹೆಂಡತಿ. ಅವಳ ಮಾತು ಖರೆ ಇತ್ತು. ಅದಕ್ಕೇ ನನಗೆ ಸಿಟ್ಟು ಬಂತು.

ಎಣ್ಣೆ ಡಬ್ಬಿ ಕತ್ತರಿಸಿ ಸಪ್ಲೈಗೆ ಹೊದಿಸಿದೆ. ಕೆಪಾಸಿಟರ್ ಬದಲಿಸಿದೆ, ಮತ್ತೆ ಬದಲಿಸಿದೆ. ಊಟಕ್ಕೆ ಕೂತರೂ ಕೈ ರೇಡಿಯೋದ ಕಡೆಗೇ. ಅವ್ವ ದಿನಾ ಬಾಗಿಲಲ್ಲಿ ನಿಂತು, "ಇವತ್ತ ಹಾಡ್ಲೇನೋ ತಮ್ಮಾ?" ಎನ್ನುವಳು. "ನಾಳೆ ಬೇ" ಎನ್ನುವೆ. ಕೊನೆಗೆ ಗುಟ್ಟು ತಿಳಿಯಿತು. ನನಗೆ ಬೇಡವಾಗಿದ್ದ ಐದು ವೋಲ್ಟಿನ ಕಡೆಗೂ ಏನಾದರೂ ಕೆಲಸ ಕೊಡಬೇಕು, ಇಲ್ಲದಿದ್ದರೆ ಉಳಿದೆರಡೂ ದಾರಿ ತಪ್ಪುತ್ತವೆ. ಮೋಟರ್ ಸೈಕಲ್ಲಿನ ಹಿಂದಿನ ದೀಪದ ಬಲ್ಬೊಂದನ್ನು ಅಲ್ಲಿಗೆ ಜೋಡಿಸಿದೆ. ಬಲ್ಬು ಉರಿಯಿತು, ಸದ್ದು ಅಡಗಿತು. ಕುಣಿದಾಡುವಷ್ಟು ಖುಷಿಯಾಯಿತು.

ಮಾರನೇ ದಿನವೇ ಆಪರೇಷನ್ನಿಗೆ ಹೊರಡಬೇಕಿತ್ತು. ಬೆಳಿಗ್ಗೆ ಅವ್ವನನ್ನು ಮೈಕಿನ ಮುಂದೆ ಕೂರಿಸಿದೆ.

"ನೀ ಎದುರಿಗೆ ಕುಂತ್ರ ನನಗ ಬಾಯಿ ಬರೂದಿಲ್ಲ. ಹೊರಗ ಹೋಗು" ಎಂದಳು.

ಟೇಪು ಚಾಲೂ ಮಾಡಿ, ಬಾಗಿಲು ಮುಂದೆ ಮಾಡಿ ಕಟ್ಟೆಯ ಮೇಲೆ ಕೂತೆ. ಒಳಗಿನಿಂದ ಪದಗಳು ತೇಲಿ ಬಂದವು. ಒಂದಾದಮೇಲೊಂದು, ನಾನು ಮರೆತೇಬಿಟ್ಟಿದ್ದವೂ ಬಂದವು. ಬಸ್ಸಿನ ಹೊತ್ತಾಯಿತು. ಗಡಿಬಿಡಿಯಲ್ಲಿ ಗೋಡೆಯ ಸ್ವಿಚ್ಚು ಆರಿಸಿ ಹೊರಟೆ; ಟೇಪು ಕೇಳಲು ಪುರಸೊತ್ತಾಗಲಿಲ್ಲ.

ಆಪರೇಷನ್ನಿನ ಮರುದಿನ, ಬಟ್ಟೆ ಒಯ್ಯಲು ಮನೆಗೆ ಬಂದಾಗ ಕೇಳಿದೆ. ಮೊದಲು ಅವ್ವನ ದನಿ, ಎದುರಿಗೇ ಕೂತಷ್ಟು ಸ್ವಚ್ಛ: "ಅಯ್ಯ ಇವನ, ಹಗಲಾಗ ದೀಪ ಹಚ್ಚಿಟ್ಟು ಹೋಗ್ಯಾನ ನೋಡು. ಖಬರ ಇಲ್ಲ ಇವಗ." ಸೆರಗಿನಲ್ಲಿ ಬಲ್ಬು ಹಿಡಿದು ತಿರುವಿ ಬಿಚ್ಚಿದ ಸಪ್ಪಳ. ಆಮೇಲೆ ಟಿಕ್ ಟಿಕ್, ಕಿರ್ರ್. ಕ್ಯಾಸೆಟ್ಟು ಮುಗಿಯುವವರೆಗೂ ಅದೇ. ಅದರಡಿ ಹಾಡು ಇದೆಯೆಂದು ತಿಳಿದವನಿಗಷ್ಟೇ ತಿಳಿಯುವಂತಿತ್ತು. ಯಂತ್ರ ಒಡೆದು ಹಾಕಬೇಕೆನಿಸಿತು. ಬಲ್ಬು ಮುಟ್ಟಬೇಡ ಎಂದು ಒಂದು ಚೀಟಿ ಅಂಟಿಸಿದ್ದರೆ? ಅವ್ವನಿಗೆ ಓದಲು ಬರುತ್ತಿರಲಿಲ್ಲ. ಬಾಯಿಂದ ಹೇಳಬಹುದಿತ್ತು. ಮೂರು ವಾರ ಅವಳೊಡನೆ ನಾನು ಮಾತಾಡಿದ್ದೇ "ನಾಳೆ" ಎಂದು.

ಅವಳ ದನಿ ಮರಳಲಿಲ್ಲ; ಪಿಸುಮಾತೂ ಕಷ್ಟ. ಮನೆಗೆ ಬಂದ ಎರಡನೇ ದಿನ ಟೇಪಿನತ್ತ ಬೆರಳು ತೋರಿಸಿದಳು. ಅವಳು ಬಿಚ್ಚಿದ್ದ ಬಲ್ಬು ಮತ್ತೆ ಜೋಡಿಸಿ, ಎಲ್ಲ ಚಾಲೂ ಮಾಡಿ, ಬೈದಷ್ಟನ್ನು ಮಾತ್ರ ಕೇಳಿಸಿ ನಿಲ್ಲಿಸಿದೆ. "ಮುಂದಿಂದು ಆಮ್ಯಾಲ ಕೇಳೂಣು" ಎಂದೆ. ಅವಳು ಸದ್ದಿಲ್ಲದೆ ನಕ್ಕಳು. ಹಾಗೇ ನಗುತ್ತ, ಮೇಜಿನ ಮೇಲೆ ಉರಿಯುತ್ತಿದ್ದ ಬಲ್ಬು ತೋರಿಸಿ, ಆರಿಸು ಎಂದು ಕೈಸನ್ನೆ ಮಾಡಿದಳು.

ಎದ್ದು ಹೋಗಿ ಬಲ್ಬು ತೆಗೆದೆ.