ಭದ್ರಾವತಿಯ ಸ್ವಿಚ್ಚು ಮತ್ತು ನಮ್ಮ ಭಾವ

ನಮ್ಮ ಭಾವನಿಗೆ ಯಾರ ಹತ್ತಿರವೂ ‘ಆಗಲ್ಲ’ ಅನ್ನೋಕೆ ಬರುತ್ತಿರಲಿಲ್ಲ. ಅಕ್ಕನ ಗಂಡ ಅವರು. ಶಿವಮೊಗ್ಗದಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಕಂಪ್ಯೂಟರ್ ಮಾರುವ, ರಿಪೇರಿ ಮಾಡುವ ಸಣ್ಣ ಅಂಗಡಿ ಇಟ್ಟಿದ್ದರು. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಅವರ ಅಂಗಡಿಯಲ್ಲೇ ಕೆಲಸಕ್ಕೆ ಸೇರಿದ್ದೆ. ಮಾತಾಡಿ ಕೆಲಸ ಹಿಡಿದು ತರುವುದು ಅವರು, ಮಾಡಿ ಮುಗಿಸುವುದು ನಾನು. ಹೊರಗಿನಿಂದ ನೋಡಿದವರಿಗೆ ಒಳ್ಳೆ ಏರ್ಪಾಡು ಅನ್ನಿಸುತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು. ಭದ್ರಾವತಿಯ ಒಂದು ಸಹಕಾರಿ ಸಂಘದ ಕೆಲಸ ಭಾವ ಹಿಡಿದು ತಂದರು. ಸಂಘದಲ್ಲಿ ಕೌಂಟರಿಗೊಂದು ಕಂಪ್ಯೂಟರ್ ಇತ್ತು, ಆದರೆ ಒಂದಕ್ಕೊಂದು ಸಂಬಂಧ ಇರಲಿಲ್ಲ. ಒಂದು ಕೌಂಟರಿನ ಲೆಕ್ಕ ಇನ್ನೊಂದಕ್ಕೆ ಹೋಗಬೇಕಾದರೆ ಗುಮಾಸ್ತರು ಫ್ಲಾಪಿಯನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ಈಗ ಎಲ್ಲವನ್ನೂ ಒಂದೇ ಸರ್ವರ್‌ಗೆ ಜೋಡಿಸಬೇಕಿತ್ತು. ಎಲ್ಲ ಕೌಂಟರಿನ ಕೇಬಲ್ಲುಗಳೂ ಬಂದು ಸೇರುವ ಜಾಗದಲ್ಲಿ ನೆಟ್‌ವರ್ಕ್ ಸ್ವಿಚ್ ಕೂರಬೇಕು. ನೋಡುವುದಕ್ಕೆ ಚಪ್ಪಟೆ ಕಬ್ಬಿಣದ ಪೆಟ್ಟಿಗೆ. ಮುಂಭಾಗದಲ್ಲಿ ಸಾಲಾಗಿ ಕೇಬಲ್ ಸಿಗಿಸುವ ಪೋರ್ಟುಗಳು, ಪ್ರತಿ ಪೋರ್ಟಿಗೂ ಪುಟ್ಟ ಹಸಿರು ದೀಪ. ಅದನ್ನು ರ‍್ಯಾಕ್ ಅನ್ನುವ, ಗೋಡೆಗೆ ಹೊಡೆದ ಗಾಜಿನ ಬಾಗಿಲಿನ ಕಪಾಟಿನೊಳಗೆ ತಿರುಪು ಹಾಕಿ ನಿಲ್ಲಿಸಬೇಕು.

ಸ್ವಿಚ್ಚು ಬೆಂಗಳೂರಿನಿಂದ ಬಂದ ದಿನ ನಾನು ಊರಲ್ಲಿರಲಿಲ್ಲ. ವಾಪಸ್ ಬರುವ ಹೊತ್ತಿಗೆ ಭಾವ ಪೆಟ್ಟಿಗೆ ಬಿಚ್ಚಿ, ಅಂಗಡಿಗೆ ಬಂದವರಿಗೆಲ್ಲ ತೋರಿಸಿ, ಮತ್ತೆ ತುಂಬಿ ಟೇಪ್ ಅಂಟಿಸಿದ್ದರು. ನಾನು ತೆಗೆದು ನೋಡಿದರೆ ಎರಡೂ ಪಕ್ಕಕ್ಕೆ ಹಾಕುವ ಬ್ರಾಕೆಟ್ಟುಗಳಿಲ್ಲ. ಸೆಟ್ಟಿಂಗ್ ಮಾಡುವುದಕ್ಕೆ ಕಂಪ್ಯೂಟರಿಗೆ ಜೋಡಿಸುವ ತಿಳಿನೀಲಿ ಕೇಬಲ್ಲೂ ಇಲ್ಲ.

“ಭಾವ, ಇದರಲ್ಲಿ ಎಲ್ ಆಕಾರದ ಎರಡು ಪಟ್ಟಿ ಇರಬೇಕಿತ್ತು.”

“ಅದಾ? ಅದು ಶೆಲ್ಫಿನ ಸಾಮಾನು ಅಲ್ವಾ ಮಾರಾಯ್ತಿ?”

ತಲೆ ಎತ್ತಿ ನೋಡಿದೆ. ಅಂಗಡಿಯ ಗೋಡೆ ಮೇಲೆ ದೇವರ ಫೋಟೊ ಇಡುವ ಹಲಗೆಯ ಕೆಳಗೆ, ಸ್ವಿಚ್ಚಿನ ಎರಡು ಕಪ್ಪು ಬ್ರಾಕೆಟ್ಟು ಒಪ್ಪವಾಗಿ ನಿಂತಿದ್ದವು. ಹಳೇ ಹಲಗೆ ಅಲ್ಲಾಡುತ್ತಿತ್ತಂತೆ. ದೇವರನ್ನು ಕೆಳಗಿಳಿಸಿ ನಾನೇ ಬಿಚ್ಚಿಕೊಂಡೆ. ಕೇಬಲ್ ಮಾತ್ರ ಅಂಗಡಿಯೆಲ್ಲ ತಡಕಿದರೂ ಸಿಗಲಿಲ್ಲ. ಬೆಂಗಳೂರಿಗೆ ಫೋನ್ ಮಾಡಿದರೆ, ಇನ್ನೊಂದು ಕಳಿಸುತ್ತೇವೆ, ಆದರೆ ತಡವಾಗುತ್ತದೆ ಅಂದರು.

“ಸೆಟ್ಟಿಂಗ್ ಮಾಡದೆ ಇದ್ರೆ ಓಡಲ್ವಾ?” ಅಂತ ಭಾವ ಕೇಳಿದರು.

“ಓಡುತ್ತೆ. ಆದರೆ ಮಾಡಿಯೇ ಕೊಡಬೇಕು ಭಾವ.”

‘ಓಡುತ್ತೆ’ ಅನ್ನುವುದೊಂದೇ ಅವರಿಗೆ ಕೇಳಿಸಿದ್ದು. ಸಂಘದ ಕಾರ್ಯದರ್ಶಿಗೆ ಆಗಲೇ ಫೋನ್ ತಿರುಗಿಸುತ್ತಿದ್ದರು. ಅಧ್ಯಕ್ಷರಿಂದ ಉದ್ಘಾಟನೆ, ಸೋಮವಾರ ಬೆಳಿಗ್ಗೆ ಅಂತ ನಿಗದಿ ಆಗಿಹೋಯಿತು.

ಉದ್ಘಾಟನೆಯ ಹಿಂದಿನ ಎರಡು ದಿನ ಭದ್ರಾವತಿಯಲ್ಲಿ ಕೆಲಸ. ಸ್ವಿಚ್ಚಿನ ಪೆಟ್ಟಿಗೆಯನ್ನು ತೊಡೆ ಮೇಲೆ ಇಟ್ಟುಕೊಂಡು ಖಾಸಗಿ ಬಸ್ಸಿನಲ್ಲಿ ಹೋದೆ. ಸರ್ವರ್‌ಗೆ ಅಂತ ಕೊಟ್ಟಿದ್ದು ಹಿಂದೆ ಗೊಬ್ಬರದ ಚೀಲ ಪೇರಿಸುತ್ತಿದ್ದ ಕೋಣೆ. ಸುಣ್ಣ ಹೊಡೆಸಿದ್ದರು, ಆದರೂ ಒಳಗೆ ಕಾಲಿಟ್ಟರೆ ಯೂರಿಯಾ ವಾಸನೆ ಮೂಗಿಗೆ ಬಡಿಯುತ್ತಿತ್ತು. ರ‍್ಯಾಕನ್ನು ಭಾವ ಮೊದಲೇ ತಂದು ಗೋಡೆಗೆ ಹೊಡೆಸಿದ್ದರು. ನಾನು ಬ್ರಾಕೆಟ್ ಬಿಗಿದು ಸ್ವಿಚ್ಚನ್ನು ಅದರೊಳಗೆ ತಳ್ಳಿದೆ. ಅದು ಹಿಂದಿನ ತಗಡಿಗೆ ತಾಗಿ ನಿಂತಿತು. ಮೂತಿ ಒಂದು ಗೇಣು ಆಚೆ.

“ಅಳತೆ ತಗೊಂಡಿರಲಿಲ್ವಾ ಭಾವ?”

“ತಗೊಂಡಿದ್ದೆ ಕಣೆ. ಅಗಲ ಸರಿಯಾಗಿದೆ ತಾನೆ?”

ಅಗಲ ಸರಿಯಾಗಿಯೇ ಇತ್ತು. ಎಲ್ಲ ರ‍್ಯಾಕೂ ಒಂದೇ ಅಗಲ ಇರುತ್ತವೆ. ನೋಡಬೇಕಾಗಿದ್ದು ಆಳ. ಕೊನೆಗೆ ಹಿಂದಿನ ತಗಡನ್ನು ಕತ್ತರಿಸಿ, ಕರೆಂಟಿನ ವೈರ್ ಹೋಗುವಷ್ಟು ಕಿಂಡಿ ಮಾಡಿ ಸ್ವಲ್ಪ ಒಳಕ್ಕೆ ತಳ್ಳಿದ್ದಾಯಿತು. ಆದರೂ ಗಾಜಿನ ಬಾಗಿಲು ಮುಚ್ಚಲಿಲ್ಲ. ಅಷ್ಟರಲ್ಲಿ ಕಾರ್ಯದರ್ಶಿಗಳು ಬಂದರು. ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ತುಂಬ ನಯವಾಗಿ ಮಾತಾಡುವ ಮನುಷ್ಯ.

“ಬಾಗಿಲು ಮುಚ್ಚೋದಿಲ್ವಾ?” ಅಂತ ನನ್ನನ್ನು ಕೇಳಿದರು.

ನಾನು ಬಾಯಿ ತೆರೆಯುವುದರೊಳಗೆ ಭಾವ ಹೇಳಿದರು: “ಗಾಳಿ ಆಡಬೇಕು ಸಾರ್. ಮಿಷನ್ನು ಬಿಸಿ ಆಗುತ್ತೆ. ಅದಕ್ಕೆ ಅಂತಾನೇ ತೆಗೆದಿಡೋದು.”

ಕಾರ್ಯದರ್ಶಿಗಳು ಮೆಚ್ಚಿಕೊಂಡು ತಲೆಯಾಡಿಸಿದರು. ಅಕ್ಕನ ಗಂಡ, ವಯಸ್ಸಿನಲ್ಲಿ ದೊಡ್ಡವರು, ಅಂಗಡಿಯ ಯಜಮಾನರು. ಗಿರಾಕಿ ಎದುರಿಗೆ ಅವರ ಮಾತು ತೆಗೆದುಹಾಕುವ ಹಾಗಿರಲಿಲ್ಲ. ನಾನು ರ‍್ಯಾಕಿನ ಚೌಕದ ತೂತುಗಳಿಗೆ ನಟ್ಟು ಒತ್ತಿ ಕೂರಿಸುತ್ತಾ ನಿಂತೆ. ಆ ನಟ್ಟಿಗೆ ಎರಡೂ ಕಡೆ ಸ್ಪ್ರಿಂಗಿನಂಥ ಕಿವಿ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಹಾರುತ್ತದೆ. ಹೆಬ್ಬೆರಳಿನ ಉಗುರು ಕಿತ್ತು ರಕ್ತ ಬಂತು. ಆ ಸಿಟ್ಟೆಲ್ಲ ನಟ್ಟಿನ ಮೇಲೆ ತೀರಿಸಿಕೊಂಡೆ.

ಹೇಗೋ ಎಲ್ಲ ಕೇಬಲ್ಲುಗಳಿಗೂ ಚೀಟಿ ಅಂಟಿಸಿ ಸಿಗಿಸಿದೆ. ಪ್ರತಿ ಕೌಂಟರಿಗೂ ಹೋಗಿ ಕೂತು ಸರ್ವರ್ ಸಿಗುತ್ತದಾ ಅಂತ ನೋಡಿದೆ. ಎಲ್ಲ ಕಡೆಯೂ ಸಿಕ್ಕಿತು. ಸೆಟ್ಟಿಂಗಿನ ಕೇಬಲ್ ಬಂದಮೇಲೆ ಮತ್ತೆ ಬಂದು ಪರೀಕ್ಷೆ ಮಾಡಬೇಕಲ್ಲ, ಆಗ ಕಂಪ್ಯೂಟರಿಗೆ ಜೋಡಿಸುವುದಕ್ಕೆ ಅಂತ ಒಂದು ಮೋಟು ಕೇಬಲ್ಲಿನ ಒಂದು ತುದಿಯನ್ನು ಸ್ವಿಚ್ಚಿಗೆ ಸಿಗಿಸಿ, ಇನ್ನೊಂದು ತುದಿಯನ್ನು ಹಾಗೇ ಇಳಿಬಿಟ್ಟೆ. “ಇನ್ನು ಇದನ್ನು ಯಾರೂ ಮುಟ್ಟಬಾರದು” ಅಂತ ಭಾವನಿಗೂ ಕಾರ್ಯದರ್ಶಿಗಳಿಗೂ ಹೇಳಿದೆ. ಇಬ್ಬರೂ ಹೂಂ ಅಂದರು.

ಸೋಮವಾರ ಬೆಳಿಗ್ಗೆ ನಾವು ಹೋಗುವಾಗಲೇ ಕಚೇರಿ ತುಂಬಿತ್ತು. ಹೊಳೆಹೊನ್ನೂರು ಕಡೆಯಿಂದ ಬಂದ ಅಡಿಕೆ, ಭತ್ತದ ರೈತರು, ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದವರು, ಎಲ್ಲರೂ ಕೌಂಟರಿನ ಮುಂದೆ ನಿಂತಿದ್ದರು. ಪೂಜೆ ಆಗುವವರೆಗೆ ಸ್ವಿಚ್ಚು ಆಫ್ ಇರಲಿ ಅಂದಿದ್ದರು. ಪುರೋಹಿತರು ರ‍್ಯಾಕಿಗೆ ಸೇವಂತಿಗೆ ಹಾರ ಹಾಕಿದರು. ಕುಂಕುಮ ಪೋರ್ಟಿನೊಳಗೆ ಬೀಳದ ಹಾಗೆ ನಾನು ಕೈ ಅಡ್ಡ ಹಿಡಿದು ನಿಂತಿದ್ದೆ. ಸ್ಟುಡಿಯೋದವನು ಫೋಟೊ ತೆಗೆದ. ಅಧ್ಯಕ್ಷರು ಗೋಡೆಯ ಗುಂಡಿ ಒತ್ತಿದರು.

ದೀಪಗಳು ಹೊತ್ತಿಕೊಂಡವು. ಹಿಂದಿನ ದಿನ ಅಲ್ಲೊಂದು ಇಲ್ಲೊಂದು ಮಿಣುಕುತ್ತಿದ್ದ ದೀಪಗಳು ಈಗ ಎಲ್ಲವೂ ಒಟ್ಟಿಗೆ, ಒಂದೇ ಸಮ, ಹುಚ್ಚು ಹಿಡಿದಂತೆ ಮಿನುಗತೊಡಗಿದವು. ಎಲ್ಲರೂ ಚಪ್ಪಾಳೆ ತಟ್ಟಿದರು.

“ನೋಡಿ ಸಾರ್, ಹೆಂಗೆ ಕೆಲಸ ಮಾಡ್ತಾ ಇದೆ” ಅಂದರು ಭಾವ.

ಹೊರಗಿನಿಂದ ಗುಮಾಸ್ತರೊಬ್ಬರು ತಲೆ ಹಾಕಿದರು. “ಏನೂ ಬರ್ತಾ ಇಲ್ವಲ್ಲ. ಎಲ್ಲ ನಿಂತೋಗಿದೆ.”

ನಾನು ಕೌಂಟರಿಗೆ ಓಡಿದೆ. ಒಂದರಲ್ಲೂ ಸರ್ವರ್ ಸಿಗುತ್ತಿಲ್ಲ. ವಾಪಸ್ ಬಂದು ಸ್ವಿಚ್ಚು ಆರಿಸಿ ಹಾಕಿದೆ. ಮತ್ತೆ ಅದೇ ಮಿನುಗು. ಸರ್ವರ್ ನಿಲ್ಲಿಸಿ ಶುರು ಮಾಡಿದೆ. ಅದರಿಂದಲೂ ಏನೂ ಆಗಲಿಲ್ಲ. ಅಧ್ಯಕ್ಷರು ಕಾಫಿ ಕುಡಿದು ಹೊರಟುಹೋದರು. ಸಾಲಿನಲ್ಲಿದ್ದವರು ಗೊಣಗತೊಡಗಿದರು. “ಫ್ಲಾಪೀನೇ ವಾಸಿ ಇತ್ತು” ಅಂತ ಒಬ್ಬ ಗುಮಾಸ್ತರು ನನಗೆ ಕೇಳಿಸುವ ಹಾಗೇ ಹೇಳಿದರು.

“ಭಾವ, ಏನಾದ್ರೂ ಮುಟ್ಟಿದ್ರಾ?”

“ಇಲ್ಲಮ್ಮ. ನಾನ್ಯಾಕೆ ಮುಟ್ಟಲಿ?”

ಬೇರೆ ದಾರಿ ಕಾಣದೆ ಕೇಬಲ್ಲುಗಳನ್ನು ಒಂದೊಂದಾಗಿ ಕಿತ್ತು ನೋಡತೊಡಗಿದೆ. ಬಾಗಿಲ ಹತ್ತಿರ ಕಾರ್ಯದರ್ಶಿಗಳು ಕೈಕಟ್ಟಿ ನಿಂತಿದ್ದರು. ಹಾರ ಅಡ್ಡ ಬರುತ್ತಿತ್ತು, ಅದನ್ನು ತೆಗೆಯುವುದಕ್ಕೂ ಸಂಕೋಚ. ಕೊನೆಗೆ ಹೂವನ್ನು ಪಕ್ಕಕ್ಕೆ ಸರಿಸಿ ನೋಡಿದರೆ, ನಾನು ಇಳಿಬಿಟ್ಟಿದ್ದ ಮೋಟು ಕೇಬಲ್ಲಿನ ಇನ್ನೊಂದು ತುದಿಯೂ ಸ್ವಿಚ್ಚಿನಲ್ಲೇ ಸಿಗಿಸಿಕೊಂಡು ಕೂತಿತ್ತು. ಒಂದು ಪೋರ್ಟಿನಿಂದ ಹೊರಟದ್ದು ಇನ್ನೊಂದು ಪೋರ್ಟಿಗೆ ವಾಪಸ್. ಒಳಗೆ ಬಂದ ಸಂದೇಶ ಅಲ್ಲೇ ಗಿರಗಿರ ತಿರುಗಿ ತಿರುಗಿ, ಸಾವಿರವಾಗಿ, ಬೇರೆ ಯಾವುದಕ್ಕೂ ಜಾಗ ಇಲ್ಲದ ಹಾಗೆ ಮಾಡಿತ್ತು. ಕಿತ್ತೆ. ದೀಪಗಳು ಒಂದು ಕ್ಷಣದಲ್ಲಿ ತಣ್ಣಗಾದವು. ಹೊರಗಿನಿಂದ “ಬಂತು, ಬಂತು” ಅಂತ ದನಿ ಕೇಳಿತು.

ಕೇಬಲ್ಲನ್ನು ಕೈಯಲ್ಲಿ ಹಿಡಿದು ಭಾವನ ಕಡೆ ತಿರುಗಿದೆ. “ಇದನ್ನ ಯಾರು ಹಾಕಿದ್ದು?”

“ಅದಾ? ಅದು ನೇತಾಡ್ತಾ ಇತ್ತು. ಫೋಟೊದಲ್ಲಿ ಚೆನ್ನಾಗಿ ಕಾಣಲ್ಲ ಅಂತ ಖಾಲಿ ಇದ್ದ ಕಡೆ ಸಿಗಿಸ್ದೆ. ಅದನ್ನ ಮುಟ್ಟೋದು ಅಂತಾರೇನೆ?”

ಇಂಥ ಸುತ್ತನ್ನು ತಾನೇ ಗುರುತಿಸಿ ತಡೆಯುವ ಏರ್ಪಾಡು ಆ ಸ್ವಿಚ್ಚಿನಲ್ಲೇ ಇತ್ತು. ಆದರೆ ಅದನ್ನು ಚಾಲೂ ಮಾಡಬೇಕಾದರೆ ಸೆಟ್ಟಿಂಗಿನ ಕೇಬಲ್ ಬೇಕು. ಅದನ್ನು ಕಳೆದವರೂ ಇವರೇ. ಇದನ್ನೆಲ್ಲ ಗಟ್ಟಿಯಾಗಿ ಹೇಳಿಬಿಡಬೇಕು ಅನ್ನುವಷ್ಟರಲ್ಲಿ ಭಾವ ನನ್ನ ಕೈಯಿಂದ ಕೇಬಲ್ ತೆಗೆದುಕೊಂಡು ನೇರ ಕಾರ್ಯದರ್ಶಿಗಳ ಹತ್ತಿರ ಹೋದರು.

“ಸಾರ್, ಇದು ನನ್ನಿಂದ ಆಗಿದ್ದು. ಈ ಹುಡುಗಿ ಮುಟ್ಟಬೇಡಿ ಅಂದಿದ್ಲು. ನಾನು ಚೆಂದ ಕಾಣ್ಲಿ ಅಂತ ಹೋಗಿ ಎಲ್ಲರಿಗೂ ತೊಂದ್ರೆ ಮಾಡ್ದೆ. ಹೊರಗಡೆ ನಿಂತಿರೋರಿಗೂ ನಾನೇ ಹೇಳ್ತೀನಿ.”

ಹೇಳಿದರು ಕೂಡ. ಕೌಂಟರಿನ ಈಚೆ ನಿಂತು, ತಮ್ಮಿಂದಲೇ ತಡವಾಯಿತು ಅಂತ ಎಲ್ಲರೆದುರು ಕೈ ಮುಗಿದರು. ಯಾರೋ ನಕ್ಕರು. ಗೊಣಗಾಟ ನಿಂತಿತು. ಕಾರ್ಯದರ್ಶಿಗಳು ನನ್ನ ಕಡೆ ತಿರುಗಿ, “ನಿಮ್ಮ ಭಾವ ಬಹಳ ನೇರ ಮನುಷ್ಯರಮ್ಮ. ಇಂಥೋರು ಸಿಗೋದು ಕಷ್ಟ” ಅಂದರು. ಜನ್ನಾಪುರದ ಶಾಖೆಯ ಕೆಲಸವನ್ನೂ ನೀವೇ ಮಾಡಿಕೊಡಿ ಅಂತ ಅಲ್ಲೇ ಹೇಳಿದರು. ಕೆಲಸ ಕೆಟ್ಟದ್ದರಿಂದ ಇನ್ನೊಂದು ಕೆಲಸ ಸಿಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ರಾತ್ರಿ ಊಟಕ್ಕೆ ಕೂತಾಗ ಭಾವ ಆದದ್ದೆಲ್ಲವನ್ನೂ ಅಕ್ಕನಿಗೆ ಹೇಳಿದರು. ತಾವು ಕೇಬಲ್ ಸಿಗಿಸಿದ್ದು, ದೀಪಗಳನ್ನು ಹೊಗಳಿದ್ದು, ಒಂದನ್ನೂ ಬಿಡದೆ. ಅಕ್ಕ ನಗು ತಡೆಯಲಾಗದೆ ಸಾರಿನ ಪಾತ್ರೆ ಕೆಳಗಿಟ್ಟಳು. ನನಗೆ ನಗು ಬರಲಿಲ್ಲ.

“ನಿಂಗೆ ಇನ್ನೂ ಕೋಪ ಹೋಗಿಲ್ವೇನೆ?” ಅಂದಳು ಅಕ್ಕ.

“ಜನ್ನಾಪುರಕ್ಕೆ ನಾನೊಬ್ಬಳೇ ಹೋಗ್ತೀನಿ” ಅಂದೆ.

ಭಾವ ಬೇಜಾರು ಮಾಡಿಕೊಳ್ಳಬಹುದು ಅಂದುಕೊಂಡಿದ್ದೆ. “ಹೋಗು ಮಾರಾಯ್ತಿ, ಒಳ್ಳೇದೇ ಆಯ್ತು” ಅಂತ ಮಜ್ಜಿಗೆ ಹಾಕಿಸಿಕೊಂಡರು.

ಹೊಸ ಕೇಬಲ್ ಬಂದಮೇಲೆ ಭದ್ರಾವತಿಗೆ ಹೋಗಿ ಆ ಸ್ವಿಚ್ಚಿನ ಸೆಟ್ಟಿಂಗ್ ಮುಗಿಸಿದೆ. ಬೇಕಂತಲೇ ಎರಡು ಪೋರ್ಟಿನ ನಡುವೆ ಕೇಬಲ್ ಸಿಗಿಸಿ, ಕೌಂಟರುಗಳ ಕೆಲಸ ನಿಲ್ಲುವುದಿಲ್ಲ ಅಂತ ಖಾತ್ರಿ ಮಾಡಿಕೊಂಡೆ. ಆಮೇಲೆ ಜನ್ನಾಪುರ. ರ‍್ಯಾಕಿನ ಅಗಲ, ಆಳ ಎಲ್ಲ ನಾನೇ ಅಳೆದು ತರಿಸಿದ್ದೆ; ಬಾಗಿಲು ಸಲೀಸಾಗಿ ಮುಚ್ಚಿತು.

ಆದರೆ ಗೋಡೆಗೆ ಅಡ್ಡ ಇದ್ದ ಬೀರು ಸರಿಸಿ ಅಂದರೆ ಅಲ್ಲಿ ಯಾರೂ ಏಳಲಿಲ್ಲ. ಕೇಬಲ್ ಎಳೆಯುವುದಕ್ಕೆ ಕುರ್ಚಿ ಬಿಟ್ಟುಕೊಡಿ ಅಂದರೆ, ಊಟ ಆದಮೇಲೆ ನೋಡೋಣ ಅಂದರು. ಊಟ ಆದಮೇಲೆ ಮ್ಯಾನೇಜರು, “ಇಂಜಿನಿಯರ್ ಯಾವಾಗ ಬರ್ತಾರೆ?” ಅಂತ ಕೇಳಿದರು. ಭಾವ ಬಂದಿದ್ದರೆ ಇಷ್ಟು ಹೊತ್ತಿಗೆ ಅವರ ಊರು, ಮನೆ, ಮಕ್ಕಳ ಓದು ಎಲ್ಲ ವಿಚಾರಿಸಿ, ನಾಲ್ಕು ಜನರ ಕೈಲಿ ಬೀರು ಎತ್ತಿಸಿರುತ್ತಿದ್ದರು. ಅದು ಹೊಳೆದದ್ದೇ ನನಗೆ ಇನ್ನಷ್ಟು ರೇಗಿತು. ಡ್ರಿಲ್ಲಿಂಗ್ ಮಿಷನ್ ಕೆಳಗಿಟ್ಟು, ಬೀರುವಿನೊಳಗಿನ ಫೈಲುಗಳನ್ನು ಒಂದೊಂದೇ ಕಂತೆಯಾಗಿ ನಾನೇ ಹೊರಗೆ ತೆಗೆಯತೊಡಗಿದೆ.